ದುಡ್ಡು ಕೊಟ್ಟು ತಗೊಂಡ ಇ-ಪುಸ್ತಕ ಕಾಣೆಯಾಗಿದೆ, ಮಂಗಳೂರಲ್ಲೇ ದೂರು ಕೊಡಬಹುದಾ?

ಬಿಜೈ ಓದುಗಿ

ನಮಸ್ಕಾರ. ಕಾನೂನು ಗೊತ್ತಿರುವವರು, ಸಾಫ್ಟ್‌ವೇರ್ ಗೊತ್ತಿರುವವರು ಇಬ್ಬರೂ ಇಲ್ಲಿದ್ದೀರಿ. ಹಾಗಾಗಿ ಈ ಪ್ರಶ್ನೆ ಇಲ್ಲೇ ಹಾಕುತ್ತಿದ್ದೇನೆ.

ಕನ್ನಡ ಇ-ಪುಸ್ತಕ ಮಾರುವ ಒಂದು ಆ್ಯಪ್‌ನಲ್ಲಿ ಹೋದ ವರ್ಷ ಕೆಲವು ಪುಸ್ತಕ ತಗೊಂಡಿದ್ದೆ. ಆ್ಯಪ್‌ನ ಹೆಸರು ಹಾಕುವುದಿಲ್ಲ. ನನಗೆ ಬೇಕಾದದ್ದು ಪರಿಹಾರ, ಅವರ ಮಾನ ಕಳೆಯುವುದಲ್ಲ. ಈಚೆಗೆ ಫೋನ್ ಬದಲಾಯಿಸಿದೆ. ಹೊಸ ಫೋನಿನಲ್ಲಿ ಲಾಗಿನ್ ಆಗಿ ನೋಡಿದರೆ ಎರಡು ಪುಸ್ತಕ ಇಲ್ಲ. ಒಂದು ಕಾದಂಬರಿ. ಇನ್ನೊಂದು ದೈವಾರಾಧನೆಯ ಬಗ್ಗೆ ಇದ್ದ ಅಧ್ಯಯನ. ಅದರಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಟಿಪ್ಪಣಿ ಬರೆದು ಇಟ್ಟಿದ್ದೆ. ಎಂ.ಎ. ಪ್ರಬಂಧಕ್ಕೆ ಬೇಕಾದ ಕೆಲಸ ಅದು. ಪುಸ್ತಕದ ಜೊತೆಗೆ ಟಿಪ್ಪಣಿಯೂ ಹೋಗಿದೆ.

ಕಸ್ಟಮರ್ ಕೇರ್‌ಗೆ ಬರೆದೆ. ಪ್ರಕಾಶಕರ ಜೊತೆ ಒಪ್ಪಂದ ಮುಗಿದಿದೆಯಂತೆ. ನನಗೆ ಕೊಟ್ಟದ್ದು ಓದುವ ಅನುಮತಿ ಮಾತ್ರವಂತೆ, ಪುಸ್ತಕ ಅಲ್ಲವಂತೆ. ಸರಿ, ಹಾಗಾದರೆ ದುಡ್ಡಾದರೂ ವಾಪಸ್ ಕೊಡಿ ಅಂದೆ. ಅದಕ್ಕೆ ಬಂದ ಉತ್ತರ ಓದಿ ಮೈ ಉರಿಯಿತು. "ನಮ್ಮ ದಾಖಲೆ ಪ್ರಕಾರ ನೀವು ಈ ಪುಸ್ತಕದ ಬಹುಪಾಲು ಓದಿದ್ದೀರಿ. ಆದ್ದರಿಂದ ಹಣ ಮರಳಿಸಲು ಬರುವುದಿಲ್ಲ."

ನಾನು ಎಷ್ಟು ಪುಟ ಓದಿದ್ದೇನೆ ಅಂತ ಇವರು ಯಾಕೆ ಬರೆದಿಟ್ಟುಕೊಂಡಿದ್ದಾರೆ? ಹಂಪನಕಟ್ಟೆಯ ಅಂಗಡಿಯಿಂದ ಪುಸ್ತಕ ತಂದರೆ, ನಾನು ಎಲ್ಲಿವರೆಗೆ ಓದಿದೆ ಅಂತ ಅಂಗಡಿಯವರು ಮನೆಗೆ ಬಂದು ನೋಡುತ್ತಾರಾ? ಮತ್ತೆ ಆ ಲೆಕ್ಕವನ್ನೇ ನನ್ನ ವಿರುದ್ಧ ಹಿಡಿಯುವುದಾ?

ನನಗೆ ಗೊತ್ತಾಗಬೇಕಾದದ್ದು ಎರಡು. ಇದಕ್ಕೆ ಮಂಗಳೂರಲ್ಲಿ ಕೂತೇ ದೂರು ಕೊಡಲು ಆಗುತ್ತದಾ? ನನ್ನ ಓದಿನ ಲೆಕ್ಕ ಇಟ್ಟುಕೊಳ್ಳಲು ಅವರಿಗೆ ಹಕ್ಕು ಉಂಟಾ?

ಮಣಿಪಾಲದ ಹುಡುಗ

ಅಕ್ಕ, ಮೊದಲು ಒಂದು ಕೆಲಸ ಮಾಡಿ. ಹಳೆ ಫೋನ್ ಇನ್ನೂ ಇದ್ದರೆ ಅದರಲ್ಲಿ ನೆಟ್ ಆಫ್ ಮಾಡಿ ಆ್ಯಪ್ ತೆರೆಯಿರಿ. ಕೆಲವೊಮ್ಮೆ ಹಳೆಯ ಪ್ರತಿ ಅಲ್ಲೇ ಉಳಿದಿರುತ್ತದೆ. ಟಿಪ್ಪಣಿ ಕಂಡರೆ ಸ್ಕ್ರೀನ್‌ಶಾಟ್ ತೆಗೆಯಿರಿ.

ಬಿಜೈ ಓದುಗಿ

ಎಕ್ಸ್‌ಚೇಂಜ್‌ನಲ್ಲಿ ಕೊಟ್ಟಾಯಿತು ಮಾರಾಯ. ಯುಪಿಐ ರಸೀದಿ, ಬಿಲ್ಲಿನ ಇ-ಮೇಲ್, ಅವರ ಉತ್ತರ ಎಲ್ಲ ಇದೆ.

ಸುರತ್ಕಲ್ ಟೆಕ್ಕಿ

ಇ-ಪುಸ್ತಕದ ಸಾಫ್ಟ್‌ವೇರ್ ಮೇಲೆ ಕೆಲವು ಕಾಲ ಕೆಲಸ ಮಾಡಿದ್ದೇನೆ. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ.

ಹೆಚ್ಚಿನ ಆ್ಯಪ್‌ಗಳಲ್ಲಿ ಫೈಲಿಗೆ ಡಿಆರ್‌ಎಂ ಅನ್ನುವ ಬೀಗ ಇರುತ್ತದೆ. ಫೈಲು ನಿಮ್ಮ ಫೋನಿನಲ್ಲಿದ್ದರೂ ಅದನ್ನು ತೆರೆಯುವ ಕೀಲಿ ಕಂಪನಿಯ ಸರ್ವರ್‌ನಿಂದ ಬರುತ್ತದೆ. ಕೀಲಿ ಕೊಡುವುದು ನಿಲ್ಲಿಸಿದರೆ ಆಯಿತು, ಪುಸ್ತಕ ತೆರೆಯುವುದಿಲ್ಲ. ಅವರು ನಿಮ್ಮಿಂದ ಏನನ್ನೂ ಕಿತ್ತುಕೊಳ್ಳುವ ಅಗತ್ಯವೇ ಇಲ್ಲ.

ಇದು ದೊಡ್ಡ ಕಂಪನಿಗಳಲ್ಲೂ ಆಗಿದೆ. 2009ರ ಜುಲೈಯಲ್ಲಿ ಅಮೆಜಾನ್ ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳನ್ನು ಜನರ ಕೈಯಲ್ಲಿದ್ದ ತನ್ನ ಓದುವ ಯಂತ್ರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಮಾರಿದವರಿಗೆ ಮಾರುವ ಹಕ್ಕೇ ಇರಲಿಲ್ಲ ಅನ್ನುವುದು ಕಾರಣ. ದುಡ್ಡು ವಾಪಸ್ ಕೊಟ್ಟರು. ಆದರೂ ಜನ ಸುಮ್ಮನಿರಲಿಲ್ಲ. ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಪುಸ್ತಕ ಹೋದಾಗ ಟಿಪ್ಪಣಿ ಉಪಯೋಗಕ್ಕೆ ಬಾರದ ಹಾಗಾಯಿತು ಅಂತ ಒಬ್ಬ ವಿದ್ಯಾರ್ಥಿ ಕೋರ್ಟಿಗೆ ಹೋದ. ಆ ಕೇಸು 1,50,000 ಡಾಲರ್‌ಗೆ ರಾಜಿಯಾಯಿತು. ನಿಮ್ಮದೂ ಬಹುತೇಕ ಅದೇ ಕಥೆ ಅಲ್ವಾ?

ಇನ್ನೊಂದು ಮೈಕ್ರೋಸಾಫ್ಟ್‌ನದ್ದು. 2019ರಲ್ಲಿ ಅವರು ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿದರು. ಜುಲೈ ಹೊತ್ತಿಗೆ ಯಾರ ಪುಸ್ತಕವೂ ತೆರೆಯಲಿಲ್ಲ. ಎಲ್ಲರಿಗೂ ಪೂರ್ತಿ ದುಡ್ಡು ವಾಪಸ್ ಕೊಟ್ಟರು. ಟಿಪ್ಪಣಿ ಬರೆದವರಿಗೆ ಮೇಲಿಂದ 25 ಡಾಲರ್ ಕೊಟ್ಟರು. ನೀವು ದೂರು ಬರೆಯುವಾಗ ಇದನ್ನು ಸೇರಿಸಿ. ಓದುಗರ ಟಿಪ್ಪಣಿಗೆ ಬೆಲೆ ಉಂಟು ಅಂತ ಅಷ್ಟು ದೊಡ್ಡ ಕಂಪನಿಯೇ ಒಪ್ಪಿದೆ.

ಓದಿನ ಲೆಕ್ಕದ ವಿಷಯ. ಆ್ಯಪ್ ಯಾವ ಪುಟದಲ್ಲಿ ನಿಲ್ಲಿಸಿದಿರಿ, ಯಾವ ಹೊತ್ತಿಗೆ ತೆರೆದಿರಿ, ಯಾವ ಸಾಲಿಗೆ ಬಣ್ಣ ಹಚ್ಚಿದಿರಿ ಅಂತ ಸರ್ವರ್‌ಗೆ ಕಳಿಸುತ್ತದೆ. ಒಂದು ಕಾರಣ ನ್ಯಾಯವಾದದ್ದೇ. ಫೋನಿನಲ್ಲಿ ಬಿಟ್ಟ ಪುಟ ಟ್ಯಾಬ್‌ನಲ್ಲಿ ತೆರೆಯಬೇಕಾದರೆ ಅದು ಬೇಕು. ತಿಂಗಳ ಚಂದಾ ಇರುವಲ್ಲಿ ಲೇಖಕರಿಗೆ ದುಡ್ಡು ಕೊಡಲೂ ಬೇಕಾಗಬಹುದು. ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ 2015ರ ಜುಲೈಯಿಂದ ಎಷ್ಟು ಪುಟ ಓದಿದರು ಅಂತ ನೋಡಿಯೇ ಲೇಖಕರಿಗೆ ಪಾಲು ಕೊಡುತ್ತಾರೆ. ಆದರೆ ನೀವು ಬಿಡಿಯಾಗಿ ದುಡ್ಡು ಕೊಟ್ಟು ತಗೊಂಡ ಪುಸ್ತಕಕ್ಕೆ ಆ ಲೆಕ್ಕ ಯಾಕೆ? ಸಿಂಕ್ ಮಾಡಲು ಕಡೆಯ ಪುಟದ ಗುರುತು ಒಂದೇ ಸಾಕು.

2014ರಲ್ಲಿ ಅಡೋಬಿಯ ಡಿಜಿಟಲ್ ಎಡಿಷನ್ಸ್ ಅನ್ನುವ ಓದುವ ಸಾಫ್ಟ್‌ವೇರ್ ಸಿಕ್ಕಿಬಿದ್ದಿತ್ತು. ಓದುಗರ ಮಾಹಿತಿಯನ್ನು ಗೂಢಲಿಪಿಯೂ ಇಲ್ಲದೆ ಹಾಗೇ ಕಳಿಸುತ್ತಿತ್ತು. ನಡುವೆ ಯಾರು ಬೇಕಾದರೂ ಓದಬಹುದಿತ್ತು. ಗಲಾಟೆಯಾದ ಮೇಲೆ ಸರಿ ಮಾಡಿದರು. ಕೇಳುವವರಿದ್ದರೆ ಮಾತ್ರ ಸರಿಯಾಗುತ್ತದೆ, ಅದಕ್ಕೇ ನೀವು ಬಿಡಬೇಡಿ.

ಕಡಿಯಾಳಿ ಮಾಷ್ಟ್ರು

ಈ ಚರ್ಚೆ ನೋಡಿ ಸಂತೋಷವಾಯಿತು. ಉಡುಪಿ ಕಡೆಯ ನಮಗೆ ಗ್ರಾಹಕರ ಹಕ್ಕು ಹೊಸ ವಿಷಯ ಅಲ್ಲ. ಬಸ್ರೂರಿನ ಬಳಕೆದಾರರ ವೇದಿಕೆ, ಡಾ. ರವೀಂದ್ರನಾಥ ಶಾನುಭಾಗರ ಕೆಲಸ ನಮ್ಮ ತಲೆಮಾರಿನವರಿಗೆ ಚೆನ್ನಾಗಿ ಗೊತ್ತು. ಒಂದು ಪೋಸ್ಟ್‌ಕಾರ್ಡ್ ಬರೆದು ದೊಡ್ಡ ಕಂಪನಿಯಿಂದ ಉತ್ತರ ತರಿಸಬಹುದು ಅಂತ ಹಳ್ಳಿಯ ಜನಕ್ಕೆ ಧೈರ್ಯ ಬಂದದ್ದು ಅಂಥವರಿಂದ. ಆ ಧೈರ್ಯ ಈಗ ಆ್ಯಪ್‌ಗಳ ಮುಂದೆ ಬೇಕಾಗಿದೆ.

ನನಗೆ ಬೇರೆಯೇ ಒಂದು ಚಿಂತೆ. ನನ್ನ ಮನೆಯಲ್ಲಿ ಮೂರು ಕಪಾಟು ಪುಸ್ತಕ ಉಂಟು. ನಾನು ಹೋದ ಮೇಲೆ ಮೊಮ್ಮಕ್ಕಳಿಗೆ ಹೋಗುತ್ತದೆ. ಅವರಿಗೆ ಬೇಡವಾದರೆ ಶಾಲೆಗೆ ಕೊಡುತ್ತಾರೆ, ಇಲ್ಲ ಹಳೆ ಪುಸ್ತಕದ ಅಂಗಡಿಗೆ ಮಾರುತ್ತಾರೆ. ಈಚೆಗೆ ಕಣ್ಣು ಮಂಜಾಗಿರುವುದರಿಂದ ಅಕ್ಷರ ದೊಡ್ಡದು ಮಾಡಬಹುದು ಅಂತ ಟ್ಯಾಬ್‌ನಲ್ಲಿ ಓದುತ್ತೇನೆ. ಅದರಲ್ಲಿ ಕೊಂಡ ಪುಸ್ತಕಗಳು ಯಾರಿಗೆ?

ತೆರಿಗೆಯದ್ದೂ ಒಂದು ಮಾತು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅದೇ ಪುಸ್ತಕದ ಇ-ರೂಪಕ್ಕೆ ಉಂಟು. ಮೊದಲು ಶೇ. 18 ಇತ್ತು, 2018ರ ಜುಲೈಯಲ್ಲಿ ಶೇ. 5ಕ್ಕೆ ಇಳಿಸಿದರು. ತೆರಿಗೆ ಕೊಟ್ಟು ತಗೊಂಡದ್ದನ್ನು ಯಾರಿಗೂ ಕೊಡಲಾಗದು ಅಂದರೆ ನನಗೆ ಒಪ್ಪಲು ಆಗುವುದಿಲ್ಲ.

ಕೊಡಿಯಾಲ್‌ಬೈಲ್ ವಕೀಲ

ಮಾಷ್ಟ್ರೇ, ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಬಿಜೈಯವರ ಪ್ರಶ್ನೆ.

ಹೌದು, ಮಂಗಳೂರಲ್ಲೇ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ 34ನೇ ಕಲಮಿನ ಪ್ರಕಾರ ದೂರು ಕೊಡುವವರು ಎಲ್ಲಿ ವಾಸ ಇದ್ದಾರೋ, ಎಲ್ಲಿ ಕೆಲಸ ಮಾಡುತ್ತಾರೋ ಆ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಕಂಪನಿ ಇರುವ ಊರಿಗೋ, ವ್ಯವಹಾರ ನಡೆದ ಊರಿಗೋ ಹೋಗಬೇಕಿತ್ತು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ, ನೀವೇ ವಾದಿಸಬಹುದು. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು.

ಆ್ಯಪ್‌ನ ನಿಯಮಗಳಲ್ಲಿ "ತಕರಾರು ಇದ್ದರೆ ಇಂಥ ಊರಲ್ಲಿ ಆರ್ಬಿಟ್ರೇಶನ್" ಅಂತ ಬರೆದಿರುತ್ತಾರೆ. ಅಂದರೆ ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ತೀರ್ಮಾನ. ಹೆದರಬೇಡಿ. 2018ರ ಡಿಸೆಂಬರ್‌ನಲ್ಲಿ ಎಮಾರ್ ಎಂಜಿಎಫ್ ಅನ್ನುವ ಬಿಲ್ಡರ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಆ ಷರತ್ತು ಇದ್ದ ಮಾತ್ರಕ್ಕೆ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ.

ಆದರೆ ನೇರವಾಗಿ ಆಯೋಗಕ್ಕೆ ಹೋಗಬೇಡಿ. 2020ರ ಇ-ಕಾಮರ್ಸ್ ನಿಯಮಗಳು ಡಿಜಿಟಲ್ ಸರಕಿಗೂ ಅನ್ವಯ ಆಗುತ್ತವೆ. ಅದರ ಪ್ರಕಾರ ಪ್ರತಿ ಆ್ಯಪ್‌ಗೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ಅವರ ಹೆಸರು, ಸಂಪರ್ಕ ವಿವರ ಕಾಣುವ ಹಾಗೆ ಹಾಕಿರಬೇಕು. ದೂರು ತಲುಪಿತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ನೀವು ಬರೆದದ್ದು ಕಸ್ಟಮರ್ ಕೇರ್‌ಗೆ. ಈಗ ಈ ಅಧಿಕಾರಿಗೆ ಬರೆಯಿರಿ. ಜೊತೆಗೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು. ಅವರು ಆದೇಶ ಕೊಡಲು ಆಗುವುದಿಲ್ಲ. ಆದರೆ ಕಂಪನಿಗೆ ನಿಮ್ಮ ದೂರು ಕಳಿಸುತ್ತಾರೆ, ಒಂದು ನಂಬರ್ ಸಿಗುತ್ತದೆ. ಮುಂದೆ ಆಯೋಗದ ಮುಂದೆ ನಿಂತಾಗ ಆ ನಂಬರ್ ನಿಮ್ಮ ಕೈಯಲ್ಲಿರಬೇಕು.

ದೂರಿನಲ್ಲಿ ಎಂತ ಬರೆಯಬೇಕು? ಇಲ್ಲಿ ಒಂದು ಸೂಕ್ಷ್ಮ ಉಂಟು. ಕಾರಣವಿಲ್ಲದೆ ಒಂದೇ ಕಡೆಯವರು ಕರಾರು ಮುರಿಯಬಹುದು ಅನ್ನುವ ಷರತ್ತನ್ನು ಕಾಯ್ದೆ ಅನ್ಯಾಯದ ಕರಾರು ಅಂತ ಕರೆಯುತ್ತದೆ. ಆದರೆ ಕರಾರೇ ಅನ್ಯಾಯದ್ದು ಅಂತ ತೀರ್ಮಾನಿಸುವ ಅಧಿಕಾರ ಜಿಲ್ಲಾ ಆಯೋಗಕ್ಕೆ ಇಲ್ಲ. ಅದಕ್ಕೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು. ಹಾಗಾಗಿ ಇಲ್ಲಿ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಅಂತ ಬರೆಯಿರಿ. ದುಡ್ಡು ತಗೊಂಡಿರಿ, ಅವಧಿ ಹೇಳಲಿಲ್ಲ, ಮುನ್ಸೂಚನೆ ಇಲ್ಲದೆ ನಿಲ್ಲಿಸಿದಿರಿ. ವಾದ ಇಷ್ಟೇ ಇರಲಿ.

ಪಡುಬಿದ್ರಿ ಅಕ್ಕ

ವಕೀಲರೇ, ಇನ್ನೂರು ಮುನ್ನೂರು ರೂಪಾಯಿಯ ಪುಸ್ತಕಕ್ಕೆ ಇಷ್ಟೆಲ್ಲ ಓಡಾಟ ಬೇಕಾ ಅಂತ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಕಂಪನಿಗಳು ನಂಬಿಕೊಂಡಿರುವುದೂ ಅದನ್ನೇ.

ನನಗೆ ದುಡ್ಡಿಗಿಂತ ಓದಿನ ಲೆಕ್ಕದ ವಿಷಯ ಹೆಚ್ಚು ಕಾಡುತ್ತದೆ. ನಮ್ಮ ಮನೆಯಲ್ಲಿ ಒಂದೇ ಟ್ಯಾಬ್, ಒಂದೇ ಅಕೌಂಟ್. ಅದರಲ್ಲಿ ಅತ್ತೆ ಪುರಾಣ ಓದುತ್ತಾರೆ, ಮಗ ಪರೀಕ್ಷೆಯ ಪುಸ್ತಕ ಓದುತ್ತಾನೆ. ನಮ್ಮ ನೆಂಟರ ಹುಡುಗಿಯೊಬ್ಬಳು ಮದುವೆ ಮುರಿಯುವ ಹಂತದಲ್ಲಿದ್ದಳು. ವಿಚ್ಛೇದನದ ಕಾನೂನಿನ ಬಗ್ಗೆ ಒಂದು ಸರಳ ಪುಸ್ತಕ ತಗೊಂಡು ಓದಿದಳು. ಮರುದಿನದಿಂದ ಆ ಮನೆಯ ಟ್ಯಾಬ್‌ನಲ್ಲಿ "ನಿಮಗೆ ಇಷ್ಟವಾಗಬಹುದು" ಅಂತ ಅಂಥದ್ದೇ ಪುಸ್ತಕಗಳು ಸಾಲಾಗಿ ಬಂದವು. ಮನೆಯವರೆಲ್ಲ ನೋಡಿದರು. ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ. ಮುಂದೆ ಆ ಮನೆಯಲ್ಲಿ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ.

ಖಿನ್ನತೆ, ಗರ್ಭಪಾತ, ಬೇರೆ ಧರ್ಮ, ಸಾಲ. ಬಾಯಿಬಿಟ್ಟು ಕೇಳಲಾಗದ್ದನ್ನು ಹೆಂಗಸರು ಪುಸ್ತಕದಲ್ಲಿ ಹುಡುಕುತ್ತಾರೆ. ಅದೂ ಬಯಲಾದರೆ ಎಲ್ಲಿಗೆ ಹೋಗುವುದು? ನಮ್ಮದು ಸಣ್ಣ ಊರುಗಳು, ಎಲ್ಲರಿಗೂ ಎಲ್ಲರ ಗುರುತು ಉಂಟು.

ಸುರತ್ಕಲ್ ಟೆಕ್ಕಿ

ಅಕ್ಕ, ನೀವು ಹೇಳಿದ್ದು ತುಂಬಾ ದೊಡ್ಡ ವಿಷಯ. ಈಗಲೇ ಮಾಡಬಹುದಾದದ್ದು ಹೇಳುತ್ತೇನೆ. ಒಬ್ಬೊಬ್ಬರಿಗೆ ಬೇರೆ ಬೇರೆ ಅಕೌಂಟ್ ಇರಲಿ. ಆ್ಯಂಡ್ರಾಯ್ಡ್‌ನ ಹಲವು ಟ್ಯಾಬ್‌ಗಳಲ್ಲಿ ಬೇರೆ ಬಳಕೆದಾರರನ್ನು ಸೇರಿಸುವ ಅನುಕೂಲ ಉಂಟು. ಆ್ಯಪ್‌ನಲ್ಲಿ ಸಿಂಕ್, ಓದಿನ ಅಂಕಿಅಂಶ, ಶಿಫಾರಸು ಅಂತ ಇರುವ ಬಟನ್‌ಗಳನ್ನು ಹುಡುಕಿ ಆಫ್ ಮಾಡಿ. ಕಾಂಟ್ಯಾಕ್ಟ್ಸ್, ಲೊಕೇಶನ್ ಅನುಮತಿ ಕೇಳಿದರೆ ಕೊಡಬೇಡಿ. ಪುಸ್ತಕ ಓದಲು ನಿಮ್ಮ ಫೋನ್‌ಬುಕ್ ಯಾಕೆ?

ತೀರಾ ಗುಟ್ಟಾಗಿ ಇರಬೇಕಾದ ವಿಷಯಕ್ಕೆ ನನ್ನ ಸಲಹೆ ಒಂದೇ. ಅಚ್ಚಾದ ಪುಸ್ತಕವನ್ನು ಅಂಗಡಿಗೆ ಹೋಗಿ ನಗದು ಕೊಟ್ಟು ತನ್ನಿ.

ಕೊಡಿಯಾಲ್‌ಬೈಲ್ ವಕೀಲ

ಖಾಸಗಿತನದ ಕಾನೂನು ಸ್ವಲ್ಪ ಉದ್ದದ ಕಥೆ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ, ಇಳಿವಯಸ್ಸಿನಲ್ಲಿ ಹಾಕಿದ ಕೇಸು. ನನಗೆ ಆ ಬಗ್ಗೆ ತುಂಬಾ ಅಭಿಮಾನ.

ಅದರ ಬೆನ್ನಿಗೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು ಕೊಟ್ಟಿದ್ದಾರೆ, ಅಂದರೆ 2027ರ ಮೇ. ಅಲ್ಲಿವರೆಗೆ ಐಟಿ ಕಾಯ್ದೆಯ ಅಡಿ ಬಂದ 2011ರ ಹಳೆ ನಿಯಮಗಳೇ ಗತಿ. ಅದರಲ್ಲಿ ಸೂಕ್ಷ್ಮ ಮಾಹಿತಿ ಅಂತ ಪಟ್ಟಿ ಮಾಡಿದ್ದು ಪಾಸ್‌ವರ್ಡ್, ಬ್ಯಾಂಕಿನ ವಿವರ, ಆರೋಗ್ಯ, ಬೆರಳಚ್ಚಿನಂಥದ್ದು. ಏನು ಓದಿದಿರಿ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಓದುಗರ ಖಾಸಗಿತನಕ್ಕೆ ಅಂತಲೇ 2011ರಲ್ಲಿ ಬೇರೆ ಕಾನೂನು ಮಾಡಿದ್ದಾರೆ. ಯಾರು ಏನು ಓದಿದರು ಅನ್ನುವ ದಾಖಲೆಯನ್ನು ಸರ್ಕಾರ ಕೇಳಿದರೂ ಕೋರ್ಟಿನ ಆದೇಶ ಇಲ್ಲದೆ ಕೊಡುವ ಹಾಗಿಲ್ಲ. ನಮ್ಮಲ್ಲೂ ಅಂಥದ್ದು ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊಸ ಕಾಯ್ದೆಯಲ್ಲಿ ನಮಗೆ ಉಪಯೋಗಕ್ಕೆ ಬರುವುದು ಏನುಂಟು? ಒಂದು, ಒಪ್ಪಿಗೆ ಕೊಟ್ಟರೂ ಆ ಕೆಲಸಕ್ಕೆ ಅಗತ್ಯವಾದಷ್ಟೇ ಮಾಹಿತಿ ತಗೋಬೇಕು. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ. ಫೋನಿನಲ್ಲಿ ವೈದ್ಯರ ಸಲಹೆ ಕೊಡುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್ ಪಟ್ಟಿಗೂ ಒಪ್ಪಿಗೆ ಪಡೆದರೆ, ಆ ಪಟ್ಟಿಗೆ ಒಪ್ಪಿಗೆ ಕೊಟ್ಟ ಹಾಗೆ ಆಗುವುದಿಲ್ಲ, ಯಾಕಂದರೆ ಅದು ಬೇಕಿಲ್ಲ. ಇ-ಪುಸ್ತಕದ ಆ್ಯಪ್‌ಗೂ ಇದೇ ವಾದ ಸಲ್ಲುತ್ತದೆ. ಎರಡು, ನಿಮ್ಮ ಬಗ್ಗೆ ಏನಿಟ್ಟುಕೊಂಡಿದ್ದೀರಿ ಅಂತ ಕೇಳುವ ಹಕ್ಕು, ಅಳಿಸಿ ಅನ್ನುವ ಹಕ್ಕು. ಮೂರು, ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು. ಅಂದರೆ ಕನ್ನಡದಲ್ಲಿ. ಕನ್ನಡ ಪುಸ್ತಕ ಮಾರಿ, ಇಂಗ್ಲಿಷ್‌ನಲ್ಲಿ ಉದ್ದುದ್ದ ನಿಯಮ ತೋರಿಸಿ ಒಪ್ಪಿಸುವುದು ಇನ್ನು ನಡೆಯಬಾರದು. ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ. 18 ವರ್ಷದೊಳಗಿನವರ ಚಟುವಟಿಕೆಯನ್ನು ಹಿಂಬಾಲಿಸಿ ಲೆಕ್ಕ ಇಡುವ ಹಾಗಿಲ್ಲ.

ಇವತ್ತೇ ಉಪಯೋಗಕ್ಕೆ ಬರುವುದೂ ಒಂದು ಉಂಟು. ಗ್ರಾಹಕರು ನಂಬಿ ಕೊಟ್ಟ ಮಾಹಿತಿಯನ್ನು ಕಾನೂನಿನ ಆಧಾರ ಇಲ್ಲದೆ ಬೇರೆಯವರಿಗೆ ಕೊಟ್ಟರೆ ಅದು ಅನುಚಿತ ವ್ಯಾಪಾರ ಪದ್ಧತಿ ಅಂತ ಗ್ರಾಹಕ ಕಾಯ್ದೆಯೇ ಹೇಳುತ್ತದೆ. ಬಿಜೈಯವರ ಆ್ಯಪ್ ಹೊರಗೆ ಕೊಟ್ಟಿದೆಯಾ ಅಂತ ಗೊತ್ತಿಲ್ಲ. ಕೇಳಿ. ಉತ್ತರ ಬರವಣಿಗೆಯಲ್ಲಿ ಕೊಡಿ ಅಂತಲೂ ಕೇಳಿ.

ಮಾಷ್ಟ್ರೇ, ನಿಮ್ಮ ಪ್ರಶ್ನೆ. ಅಚ್ಚಾದ ಪುಸ್ತಕ ಒಮ್ಮೆ ಮಾರಾಟವಾದ ಮೇಲೆ ಆ ಪ್ರತಿಯನ್ನು ನೀವು ಮಾರಬಹುದು, ಕೊಡಬಹುದು. ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 14ನೇ ಕಲಮು ಅದಕ್ಕೆ ಜಾಗ ಕೊಟ್ಟಿದೆ. ಇ-ಪುಸ್ತಕಕ್ಕೆ ಆ ಸ್ವಾತಂತ್ರ್ಯ ಇನ್ನೂ ಬಂದಿಲ್ಲ. ಯುರೋಪಿನ ನ್ಯಾಯಾಲಯವೂ 2019ರ ಡಿಸೆಂಬರ್‌ನಲ್ಲಿ ಓದಿದ ಇ-ಪುಸ್ತಕ ಮತ್ತೆ ಮಾರಲಾಗದು ಅಂತಲೇ ಹೇಳಿತು. ದತ್ತಾಂಶ ಕಾಯ್ದೆಯಲ್ಲಿ ನಾಮಿನಿ ಮಾಡುವ ಹಕ್ಕು ಇದೆ. ಆದರೆ ಅದು ನಿಮ್ಮ ಮಾಹಿತಿಗೆ, ಪುಸ್ತಕಕ್ಕೆ ಅಲ್ಲ.

ಕಡಿಯಾಳಿ ಮಾಷ್ಟ್ರು

ಅಂದರೆ ನನ್ನ ಮೊಮ್ಮಗಳಿಗೆ ನಾನು ಏನು ಓದಿದ್ದೆ ಅನ್ನುವ ಪಟ್ಟಿ ಸಿಗಬಹುದು, ಪುಸ್ತಕ ಸಿಗುವುದಿಲ್ಲ. ಇದು ಬದಲಾಗಲೇಬೇಕು.

ಸಣ್ಣ ಪ್ರಕಾಶಕ

ನಾನು ಉಡುಪಿಯಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಪುಸ್ತಕ ತರುವವನು. ಈ ಕಡೆಯ ಮಾತನ್ನೂ ಕೇಳಿ.

ನಮ್ಮ ಪುಸ್ತಕ ಬಿಡುಗಡೆಯಾದ ವಾರದಲ್ಲೇ ಟೆಲಿಗ್ರಾಂ ಗುಂಪುಗಳಲ್ಲಿ ಪಿಡಿಎಫ್ ಓಡಾಡುತ್ತದೆ. ಕಷ್ಟಪಟ್ಟು ಸಾವಿರ ಪ್ರತಿ ಅಚ್ಚು ಹಾಕಿಸುತ್ತೇವೆ. ಅದು ಖರ್ಚಾಗಲು ಎರಡು ಮೂರು ವರ್ಷ ಬೇಕು. ಲೇಖಕರಿಗೆ ಗೌರವಧನ ಕೊಡಬೇಕು. ಬೀಗ ಇಲ್ಲದೆ ಫೈಲು ಕೊಡಿ ಅಂತ ಓದುಗರು ಸುಲಭವಾಗಿ ಹೇಳುತ್ತಾರೆ. ಆ ಫೈಲು ನಾಳೆ ಎಲ್ಲಿರುತ್ತದೆ ಅಂತ ಯೋಚಿಸಿ. ಕನ್ನಡದ ಮಾರುಕಟ್ಟೆ ಚಿಕ್ಕದು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತದ ಐದು ಭಾಷೆಗೆ ಕಿಂಡಲ್‌ನಲ್ಲಿ ಜಾಗ ಕೊಟ್ಟಾಗ ಕನ್ನಡ ಅದರಲ್ಲಿ ಇರಲಿಲ್ಲ. ಆಮೇಲೆ ಕನ್ನಡದವರೇ ಕಷ್ಟಪಟ್ಟು ಕನ್ನಡಕ್ಕೆ ಅಂತ ಆ್ಯಪ್‌ಗಳನ್ನು ಕಟ್ಟಿದರು. ಅವುಗಳ ಮೇಲೆ ಸಿಟ್ಟು ಮಾಡಿ ಜನ ಕೊಳ್ಳುವುದನ್ನೇ ನಿಲ್ಲಿಸಿದರೆ ನಷ್ಟ ನಮಗೆಲ್ಲರಿಗೂ.

ಹಾಗಂತ ಬಿಜೈಯವರಿಗೆ ಆದದ್ದು ಸರಿ ಅನ್ನುವುದಿಲ್ಲ. ನಾನೂ ಆ್ಯಪ್‌ಗಳ ಜೊತೆ ಕರಾರು ಮಾಡಿಕೊಂಡಿದ್ದೇನೆ. ಅವಧಿ ಮುಗಿದರೆ ಹೊಸಬರಿಗೆ ಮಾರುವಂತಿಲ್ಲ ಅಂತ ಇರುತ್ತದೆ. ಆಗಲೇ ಕೊಂಡವರಿಂದ ತೆಗೆಯಿರಿ ಅಂತ ನಾನು ಎಲ್ಲೂ ಬರೆಸಿಲ್ಲ. ನನಗೆ ಅದರ ದುಡ್ಡು ಬಂದಾಗಿದೆ, ನಾನು ಯಾಕೆ ತೆಗೆಸಲಿ? ನೀವು ಆ ಪುಸ್ತಕದ ಪ್ರಕಾಶಕರಿಗೇ ಒಂದು ಇ-ಮೇಲ್ ಬರೆದು ಕೇಳಿ. "ಒಪ್ಪಂದ ಮುಗಿದಿದೆ" ಅನ್ನುವುದರ ಅರ್ಧ ಸತ್ಯ ಅಲ್ಲೇ ಗೊತ್ತಾಗುತ್ತದೆ.

ಸುರತ್ಕಲ್ ಟೆಕ್ಕಿ

ಪ್ರಕಾಶಕರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಬೀಗ ಇದ್ದೂ ಪಿಡಿಎಫ್ ಓಡಾಡುತ್ತಿದೆ ಅಲ್ವಾ? ಕದಿಯುವವರು ಅಚ್ಚಿನ ಪುಸ್ತಕವನ್ನೇ ಸ್ಕ್ಯಾನ್ ಮಾಡುತ್ತಾರೆ. ಬೀಗದಿಂದ ತೊಂದರೆಯಾಗುವುದು ದುಡ್ಡು ಕೊಟ್ಟವರಿಗೆ ಮಾತ್ರ.

ಬೇರೆ ದಾರಿ ಉಂಟು. ಕೊಂಡವರ ಗುರುತನ್ನು ಫೈಲಿನೊಳಗೆ ವಾಟರ್‌ಮಾರ್ಕ್ ಆಗಿ ಹಾಕಿ ಬೀಗ ಇಲ್ಲದ ಇ-ಪಬ್ (ಇ-ಪುಸ್ತಕದ ಒಂದು ಫೈಲ್ ರೂಪ) ಕೊಡುವುದು. ಸೋರಿದರೆ ಯಾರಿಂದ ಸೋರಿತು ಅಂತ ಗೊತ್ತಾಗುತ್ತದೆ. ಅಮೆರಿಕದ ಟಾರ್ ಬುಕ್ಸ್ ಅನ್ನುವ ವಿಜ್ಞಾನ ಕಾದಂಬರಿಗಳ ದೊಡ್ಡ ಪ್ರಕಾಶನ 2012ರಲ್ಲೇ ಡಿಆರ್‌ಎಂ ಬಿಟ್ಟಿತು. ಇವತ್ತಿಗೂ ಬೀಗ ಇಲ್ಲದೆ ಮಾರುತ್ತಿದೆ.

ಗುರುತು ಅಂದರೆ ಫೋನ್ ನಂಬರ್ ಹಾಕಬೇಡಿ, ಆರ್ಡರ್ ನಂಬರ್ ಸಾಕು. ಖಾಸಗಿತನದ ಬಗ್ಗೆ ಮಾತಾಡುತ್ತಾ ಅದನ್ನೇ ಮರೆಯಬಾರದು.

ಸಣ್ಣ ಪ್ರಕಾಶಕ

ಆರ್ಡರ್ ನಂಬರ್ ವಾಟರ್‌ಮಾರ್ಕ್ ಒಳ್ಳೆಯ ಯೋಚನೆ. ಮುಂದಿನ ಪುಸ್ತಕಕ್ಕೆ ನೋಡೋಣ. ಮಾಡುವುದು ಹೇಗೆ ಅಂತ ನಿಮ್ಮ ಹತ್ತಿರ ಬೇರೆ ಮಾತಾಡುತ್ತೇನೆ.

ಕೇಳಿ ಓದುವವ

ನನಗೆ ಕಣ್ಣು ಕಾಣುವುದಿಲ್ಲ. ಫೋನಿನ ಸ್ಕ್ರೀನ್ ರೀಡರ್ ಓದಿದ್ದನ್ನು ಕೇಳುತ್ತೇನೆ. ಬೀಗದ ವಿಷಯ ಬಂದಾಗ ನಮ್ಮಂಥವರ ನೆನಪು ಯಾರಿಗೂ ಆಗುವುದಿಲ್ಲ.

ಹಲವು ಆ್ಯಪ್‌ಗಳಲ್ಲಿ ಪುಟವನ್ನು ಚಿತ್ರದ ಹಾಗೆ ತೋರಿಸುತ್ತಾರೆ, ಇಲ್ಲವೇ ಅಕ್ಷರವನ್ನು ಬೇರೆ ಸಾಫ್ಟ್‌ವೇರ್ ಮುಟ್ಟದ ಹಾಗೆ ಮಾಡುತ್ತಾರೆ. ದುಡ್ಡು ಕೊಟ್ಟ ಮೇಲೆ ಫೋನ್ ಮೌನವಾಗಿರುತ್ತದೆ. ಕೊಳ್ಳುವ ಮೊದಲು ಇದು ನನಗೆ ಓದಲು ಆಗುತ್ತದಾ ಅಂತ ತಿಳಿಯುವ ದಾರಿಯೇ ಇಲ್ಲ. ಕಾನೂನು ನಮ್ಮ ಪರವಾಗಿದೆ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಅಂಗವಿಕಲರಿಗೆ ಓದಲು ಆಗುವ ರೂಪಕ್ಕೆ ಪುಸ್ತಕವನ್ನು ಬದಲಾಯಿಸಬಹುದು ಅಂತ ಸೇರಿಸಿದರು. ಕಣ್ಣು ಕಾಣದವರಿಗೆ ಓದಲು ಆಗುವ ಪ್ರತಿಗಳು ಸಿಗಲಿ ಅಂತ ಮಾಡಿದ ಮರ್ರಾಕೇಶ್ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ನಮ್ಮಂಥವರಿಗಾಗಿ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯ ಶುರುವಾಯಿತು. ಇಷ್ಟೆಲ್ಲ ಇದ್ದೂ ಹೊಸ ಕನ್ನಡ ಪುಸ್ತಕ ಬಿಡುಗಡೆಯಾದ ದಿನ ಎಲ್ಲರ ಜೊತೆ ನಾನೂ ಓದಲು ಆಗುವುದಿಲ್ಲ. ಪ್ರಕಾಶಕರೇ, ದಯವಿಟ್ಟು ಇ-ಪಬ್ ಕೊಡಿ. ನಾನು ದುಡ್ಡು ಕೊಟ್ಟೇ ಕೊಳ್ಳುತ್ತೇನೆ.

ಮಣಿಪಾಲದ ಹುಡುಗ

ವಕೀಲರೇ, ನಾನು ಕೊಂಡ ಪುಸ್ತಕದ ಬೀಗ ನನ್ನ ಓದಿಗೆ ಮಾತ್ರ ತೆಗೆದರೆ ತಪ್ಪಾ? ಕಿಂಡಲ್‌ನಲ್ಲಿ ಕಂಪ್ಯೂಟರ್‌ಗೆ ಫೈಲು ಇಳಿಸಿಕೊಳ್ಳುವ ಬಟನ್‌ ಕೂಡ 2025ರ ಫೆಬ್ರವರಿ 26ರಿಂದ ತೆಗೆದಿದ್ದಾರೆ.

ಕೊಡಿಯಾಲ್‌ಬೈಲ್ ವಕೀಲ

ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮು ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಅನ್ನುತ್ತದೆ. ಉದ್ದೇಶ ಅನ್ನುವುದು ಅಲ್ಲಿ ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ವಿನಾಯಿತಿಯೂ ಅಲ್ಲೇ ಇದೆ. ಆದರೂ ಆ್ಯಪ್‌ನ ಕರಾರು ಬೇರೆ ಇರುತ್ತದೆ, ಹಾಗಾಗಿ ಮುರಿಯಿರಿ ಅಂತ ನಾನು ಹೇಳುವುದಿಲ್ಲ. ಕೊಳ್ಳುವ ಮೊದಲೇ ಬೀಗ ಇಲ್ಲದ್ದು ಸಿಗುತ್ತದಾ ನೋಡಿ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕೆಲವು ಪುಸ್ತಕವನ್ನು ಇ-ಪಬ್ ಆಗಿ ಇಳಿಸಿಕೊಳ್ಳಬಹುದು.

ಕ್ಯಾಲಿಫೋರ್ನಿಯಾದ ಇನ್ನೊಂದು ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಕೊಡುತ್ತಿರುವುದು ಬರೀ ಪರವಾನಗಿ ಆಗಿದ್ದರೆ ಅದನ್ನು ದುಡ್ಡು ತಗೊಳ್ಳುವ ಮೊದಲೇ ಸ್ಪಷ್ಟವಾಗಿ ಹೇಳಬೇಕು. ಶಾಶ್ವತವಾಗಿ ಇಳಿಸಿಕೊಳ್ಳಲು ಬಿಟ್ಟರೆ ಆ ಷರತ್ತು ಇಲ್ಲ. ಓದುಗರ ಪರವಾಗಿ ಇಷ್ಟಾದರೂ ನಮ್ಮ ಇ-ಕಾಮರ್ಸ್ ನಿಯಮಕ್ಕೆ ಸೇರಿಸಲು ನಾವು ಒತ್ತಾಯ ಮಾಡಬಹುದು.

ಪಡುಬಿದ್ರಿ ಅಕ್ಕ

ಹಳೆಯ ಪುಸ್ತಕ ಓದುವವರಿಗೆ ಒಂದು ಮಾತು. ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. ನಮ್ಮ ಪಂಜೆ ಮಂಗೇಶರಾಯರು 1937ರಲ್ಲಿ ಹೋದರು. ಗೋವಿಂದ ಪೈಗಳು 1963ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಕೃತಿಗಳು 2024ರ ಜನವರಿಯಿಂದ ಎಲ್ಲರದ್ದು. ಅಂಥವಕ್ಕೆ ಯಾವ ಬೀಗವೂ ಬೇಡ, ಅಕೌಂಟೂ ಬೇಡ. ಹಳೆ ಪುಸ್ತಕಗಳನ್ನು ಉಚಿತವಾಗಿ ಓದಲು ಕೊಡುವ ಕನ್ನಡ ವಿಕಿಸೋರ್ಸ್‌ಗೆ ಬೆರಳಚ್ಚು ಮಾಡಿ ಸೇರಿಸುವ ಕೆಲಸಕ್ಕೆ ಯಾರಾದರೂ ಕೈ ಜೋಡಿಸುತ್ತೀರಾದರೆ ನಾನೂ ಇದ್ದೇನೆ.

ಬಿಜೈ ಓದುಗಿ

ಎಲ್ಲರಿಗೂ ತುಂಬಾ ಧನ್ಯವಾದ. ಏನಾಯಿತು ಅಂತ ಹೇಳುತ್ತೇನೆ.

ಕುಂದುಕೊರತೆ ಅಧಿಕಾರಿಯ ವಿವರ ಆ್ಯಪ್‌ನಲ್ಲಿ ಎಲ್ಲೋ ತಳದಲ್ಲಿ ಸಿಕ್ಕಿತು. ಬರೆದೆ. 1915ಕ್ಕೂ ಹೇಳಿದೆ, ನಂಬರ್ ಸಿಕ್ಕಿದೆ. ಪ್ರಕಾಶಕರಿಗೂ ಬರೆದೆ. ಅವರ ಉತ್ತರ ಬಂದದ್ದು ಎಲ್ಲಕ್ಕಿಂತ ಮೊದಲು: "ಹೊಸ ಮಾರಾಟ ನಿಲ್ಲಿಸಿ ಅಂದಿದ್ದೇವೆ. ಹಳೆ ಓದುಗರಿಂದ ತೆಗೆಯಲು ಹೇಳಿಲ್ಲ." ಉಡುಪಿಯ ಪ್ರಕಾಶಕರು ಹೇಳಿದ್ದು ಸರಿಯಾಗಿಯೇ ಇತ್ತು.

ಆ್ಯಪ್‌ನವರು ಈಗ ದನಿ ಬದಲಾಯಿಸಿದ್ದಾರೆ. ನನ್ನ ಟಿಪ್ಪಣಿಗಳನ್ನು ಒಂದು ಫೈಲಾಗಿ ಕಳಿಸಿದರು. ಅದು ನೋಡಿ ಕಣ್ಣಲ್ಲಿ ನೀರು ಬಂತು, ಪ್ರಬಂಧದ ಕೆಲಸ ಉಳಿಯಿತು. ಪುಸ್ತಕದ ದುಡ್ಡಿನ ಬದಲು ಅವರದ್ದೇ ಆ್ಯಪ್‌ನಲ್ಲಿ ಖರ್ಚು ಮಾಡುವ ಕೂಪನ್ ಕೊಡುತ್ತಾರಂತೆ. ಓದಿನ ಲೆಕ್ಕದ ಪ್ರಶ್ನೆಗೆ ಮಾತ್ರ "ಸೇವೆ ಉತ್ತಮಪಡಿಸಲು" ಅಂತ ಒಂದೇ ಸಾಲು.

ಕೂಪನ್ ತಗೊಳ್ಳುವುದಾ ಬೇಡವಾ?

ಕೊಡಿಯಾಲ್‌ಬೈಲ್ ವಕೀಲ

ತಗೋಬೇಡಿ. ತಗೊಂಡರೆ ತಕರಾರು ಮುಗಿಯಿತು ಅಂತ ಬರೆಸಿಕೊಳ್ಳುತ್ತಾರೆ. ಯುಪಿಐಯಲ್ಲಿ ಕೊಟ್ಟದ್ದು ಯುಪಿಐಯಲ್ಲೇ ಬರಲಿ, ಇಲ್ಲ ಎರಡೂ ಪುಸ್ತಕ ವಾಪಸ್ ಕೊಡಲಿ. ಪ್ರಕಾಶಕರ ಇ-ಮೇಲ್ ನಿಮ್ಮ ದೊಡ್ಡ ಸಾಕ್ಷಿ, ಅದನ್ನು ಪ್ರಿಂಟ್ ತೆಗೆದಿಡಿ. ಓದಿನ ಲೆಕ್ಕದ ಬಗ್ಗೆ ಮತ್ತೊಮ್ಮೆ ಬರೆಯಿರಿ. ಏನೇನು ಇಟ್ಟುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ, ಯಾವಾಗ ಅಳಿಸುತ್ತೀರಿ. ಈ ಮೂರೂ ಪ್ರಶ್ನೆ ಬಿಡಿಬಿಡಿಯಾಗಿ ಇರಲಿ. ಒಂದು ತಿಂಗಳ ಗಡುವು ದಾಟಿದರೆ ಇ-ಜಾಗೃತಿಯಲ್ಲಿ ಹಾಕೋಣ. ಕರಡು ನಾನು ನೋಡಿಕೊಡುತ್ತೇನೆ, ಫೀಸು ಬೇಡ.

ಬಿಜೈ ಓದುಗಿ

ಕೂಪನ್ ಬೇಡ ಅಂತ ಈಗಲೇ ಉತ್ತರ ಕಳಿಸಿದೆ. ಮೂರು ಪ್ರಶ್ನೆಯನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಉತ್ತರವೂ ಕನ್ನಡದಲ್ಲೇ ಬೇಕು ಅಂದಿದ್ದೇನೆ. ಇದೇ ಆ್ಯಪ್‌ನಲ್ಲಿ ಬೇರೆ ಯಾರದ್ದಾದರೂ ಪುಸ್ತಕ ಹೋಗಿದ್ದರೆ ನನಗೆ ಖಾಸಗಿ ಸಂದೇಶ ಹಾಕಿ, ಜೊತೆಯಾಗಿ ದೂರು ಕೊಡೋಣ. ಬಿಲ್ಲಿನ ಪ್ರತಿ ಕಳಿಸುವಾಗ ಫೋನ್ ನಂಬರ್, ಯುಪಿಐ ಐಡಿ ಅಳಿಸಿಯೇ ಕಳಿಸಿ.